ವಿಮಾನದಕ್ಕನ ಗಂಟಲು

ಒಂದೇ ಬಾಯಿಯಲ್ಲಿ ದಿನಕ್ಕೆ ನಲವತ್ತು ವಿಮಾನ ಹಾರಿಸುತ್ತಿದ್ದರು ನಮ್ಮ ಅಕ್ಕ. ತಾವು ವಿಮಾನ ಹತ್ತಿದ್ದು ಮಾತ್ರ ಜೀವಮಾನದಲ್ಲಿ ಒಂದೇ ಸಲ, ಅದೂ ನಡುವಿನ ಸೀಟು. ಇಳಿಯುವ ತನಕ ಕಣ್ಣು ಮುಚ್ಚಿಕೊಂಡು ಕೂತಿದ್ದರಂತೆ. ಅವರಿಗೂ ಒಂದು ಹೆಸರಿತ್ತು, ಆದರೆ ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಅದು ಬಳಕೆಗೆ ಬರಲಿಲ್ಲ. ತರಬೇತಿ ಕೇಂದ್ರದ ಬಾಗಿಲು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅವರು ವಿಮಾನದಕ್ಕ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ವಿಮಾನಗಳಿಗೆ ಆಕಾಶದಲ್ಲಿ ದಾರಿ ತೋರಿಸುವವರನ್ನು ತಯಾರು ಮಾಡುವ ಕೇಂದ್ರ ನಮ್ಮದು. ಕಲಿಯುವವರು ಒಂದು ಕೋಣೆಯಲ್ಲಿ ರೇಡಾರ್ ಪರದೆಯ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಓಡಾಡುವ ಚುಕ್ಕೆಗಳೆಲ್ಲ ಕಂಪ್ಯೂಟರಿನವು, ನಿಜದ ವಿಮಾನ ಒಂದೂ ಇಲ್ಲ. ಆದರೆ ಚುಕ್ಕೆಗಳು ಮಾತಾಡಬೇಕಲ್ಲ? ಅದಕ್ಕೆ ಪಕ್ಕದ ಕೋಣೆಯಲ್ಲಿ ಅಕ್ಕ, ಮತ್ತು ಅವರ ಬಲಗಡೆಯ ಕುರ್ಚಿಯಲ್ಲಿ ನಾನು. ಕಲಿಯುವವರು 'ಇಷ್ಟು ಅಡಿಗೆ ಇಳಿಯಿರಿ' ಎಂದರೆ ಪೈಲಟ್ಟಿನ ಪರವಾಗಿ ಅದನ್ನೇ ತಿರುಗಿ ಒಪ್ಪಿಸಬೇಕು, ಆಮೇಲೆ ಕೀಲಿಮಣೆಯಲ್ಲಿ ಆ ಅಂಕಿ ಒತ್ತಬೇಕು. ಚುಕ್ಕೆ ಇಳಿಯುತ್ತದೆ. ಮಾತಾಡುವಾಗ ಕಾಲಡಿಯ ಪೆಡಲ್ ಒತ್ತಿರಬೇಕು, ಒತ್ತಿದಾಗ ಮಾತ್ರ ಮೈಕು ತೆರೆಯುತ್ತದೆ. ಅಕ್ಕನ ಕಾಲು ಅವರ ನಾಲಗೆಗಿಂತ ಶಿಸ್ತಿನದು. ಯಾರಾದರೂ ಕುರ್ಚಿ ಎಳೆದರೂ ಸಾಕು, ಪಾದ ಮೇಲಕ್ಕೆತ್ತಿ, ಸದ್ದು ಅಡಗಿದ ಮೇಲೆಯೇ ಒತ್ತುತ್ತಿದ್ದರು.

ನಾನು ಅದಕ್ಕೆ ಮೊದಲು ಬಸ್ ನಿಲ್ದಾಣದಲ್ಲಿ ಹದಿನಾರು ವರ್ಷ ಮೈಕಿನ ಮುಂದೆ ಕೂತವನು. ಬಸ್ಸು ಡಿಪೋದಲ್ಲಿ ಚಕ್ರ ಬಿಚ್ಚಿಸಿಕೊಂಡು ನಿಂತಿದ್ದಾಗಲೂ 'ಇನ್ನು ಐದೇ ನಿಮಿಷದಲ್ಲಿ ಬರಲಿದೆ' ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳುತ್ತಿದ್ದೆ. ಸುಳ್ಳಿಗೆ ನನ್ನ ಗಂಟಲು ಚೆನ್ನಾಗಿ ಪಳಗಿದೆ. ಈ ವಯಸ್ಸಿನಲ್ಲಿ ಅದನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲ.

ಅಕ್ಕನಿಗೆ ಮಾತ್ರ ಸುಳ್ಳು ಹೇಳಲು ಸುತರಾಂ ಬರುತ್ತಿರಲಿಲ್ಲ. ಒಮ್ಮೆ ಅವರ ಮನೆಯ ಮಾಲೀಕ ಯಾರಿಂದಲೋ ತಪ್ಪಿಸಿಕೊಳ್ಳಲು ಇವರ ಅಡುಗೆಮನೆಯಲ್ಲಿ ಬಂದು ಕೂತು, 'ಕೇಳಿದ್ರೆ ಇಲ್ಲ ಅಂದುಬಿಡಿ' ಎಂದನಂತೆ. ಹುಡುಕಿಕೊಂಡು ಬಂದವನಿಗೆ ಇವರು 'ಇಲ್ಲಿಗೆ ಬಂದಿಲ್ಲ' ಎಂದರಂತೆ. ಆತ, 'ಸರಿ, ಅವರು ಹೊರಗೆ ಬರೋ ತನಕ ಇಲ್ಲೇ ಇರ್ತೀನಿ' ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟನಂತೆ. ಅವನಿಗೆ ಹೇಗೆ ಗೊತ್ತಾಯಿತು ಎಂಬುದೇ ಅಕ್ಕನಿಗೆ ಕೊನೆಯವರೆಗೂ ಸೋಜಿಗ. ನನಗೆ ಸೋಜಿಗವೇನೂ ಇರಲಿಲ್ಲ. ಒಂಬತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತಿದ್ದೇನೆ. ಸುಳ್ಳು ಹೇಳುವ ಮುಂಚೆ ಅಕ್ಕ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಚಿಕ್ಕದೊಂದು 'ಖ್ಹುಂ'. ಅದು ಲೋಕಕ್ಕೆಲ್ಲ ಗೊತ್ತಿತ್ತು, ಅವರೊಬ್ಬರಿಗೆ ಗೊತ್ತಿರಲಿಲ್ಲ.

ಇಂಥವರ ಕೆಲಸದಲ್ಲೇ ದೇವರು ಒಂದು ಸುಳ್ಳು ಇಟ್ಟಿದ್ದ. ಕೊನೆಯ ಪರೀಕ್ಷೆಯಲ್ಲಿ ಒಂದು ಕಡೆ ಪೈಲಟ್ಟು ಬೇಕೆಂದೇ ತಪ್ಪಾಗಿ ಒಪ್ಪಿಸಬೇಕು. ಕಲಿಯುವವರು ಹೇಳಿದ್ದು ಒಂಬತ್ತು ಸಾವಿರ, ಇವರು ತಿರುಗಿ ಹೇಳಬೇಕಾದ್ದು ಎಂಟು ಸಾವಿರ. ಅದನ್ನು ಕಿವಿ ಹಿಡಿಯಬೇಕು, ಹಿಡಿದು ಆ ಕ್ಷಣವೇ ತಿದ್ದಬೇಕು. ನಿಜದ ಆಕಾಶದಲ್ಲಿ ಹೀಗೆ ತಪ್ಪಾಗಿ ಒಪ್ಪಿಸುವ ಪೈಲಟ್ಟುಗಳು ಬೇಕಾದಷ್ಟು ಜನ ಇದ್ದಾರೆ, ಆದ್ದರಿಂದ ಪರೀಕ್ಷೆಯ ಉದ್ದೇಶ ಸರಿಯಾದದ್ದೇ. ಆದರೆ ಆ ಮಾತು ಬರುವ ಮುಂಚೆ ಅಕ್ಕನ ಗಂಟಲಲ್ಲಿ 'ಖ್ಹುಂ' ಏಳುತ್ತಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ ಹಳೆಯ ತಂಡದವನೊಬ್ಬ ಹೊಸಬರಿಗೆ ಉಪದೇಶ ಮಾಡುವುದು ನನ್ನ ಕಿವಿಗೆ ಬಿತ್ತು: ಅಕ್ಕನ ಗಂಟಲು ಕಟ್ಟಿದರೆ ನಿನ್ನ ಕಿವಿ ಬಿಚ್ಚು. ಅದು ತಂಡದಿಂದ ತಂಡಕ್ಕೆ ದಾಟಿಬಂದ ಗುರುಮಂತ್ರ.

ಇದನ್ನು ಮೇಲಿನವರಿಗೆ ಹೇಳಬೇಕಿತ್ತು, ಗೊತ್ತು. ನಾನು ಹೇಳಲಿಲ್ಲ. ಮಕ್ಕಳು ಪಾಸಾಗುತ್ತಿದ್ದಾರೆ, ಅಕ್ಕನಿಗೂ ನೋವಿಲ್ಲ, ಇರುವೆ ಗೂಡಿಗೆ ನಾನೇಕೆ ಕೋಲು ಹಾಕಲಿ ಎಂದು ಸುಮ್ಮನಿದ್ದೆ.

ಅಕ್ಕನ ಒಡಹುಟ್ಟಿದ ಹಿರಿಯಕ್ಕ ತೀರಿಕೊಂಡಾಗ ಆಕೆಯ ಮಗಳಿಗೆ ಆರು ವರ್ಷ. ಅಂದಿನಿಂದ ಆ ಹುಡುಗಿಯನ್ನು ಸಾಕಿದ್ದು ಇವರೇ. ತಾವು ಮದುವೆಯಾಗಲಿಲ್ಲ, ಕೇಳಿದವರಿಗೆ, ದಿನವಿಡೀ ನಲವತ್ತು ಗಂಡಸರ ಪರವಾಗಿ ಮಾತಾಡಿ ಸಾಕಾಗಿದೆ, ಮನೆಯಲ್ಲೂ ಒಬ್ಬನೇಕೆ ಎಂದು ನಗುತ್ತಿದ್ದರು. ಬೇರೆ ಮಕ್ಕಳು ಗೊಂಬೆ ಇಟ್ಟುಕೊಂಡು ಆಡಿದರೆ ಈ ಹುಡುಗಿ ನೆಲದ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಾಲಾಗಿಟ್ಟು ಒಂದೊಂದಕ್ಕೂ ಅಡಿ ಲೆಕ್ಕ ಹೇಳಿ ಇಳಿಸುತ್ತಿತ್ತು. ಬೆಳೆದು ನಮ್ಮ ಕೇಂದ್ರಕ್ಕೇ ಸೇರಿದಳು. ಜಾಣೆ, ಮಾತು ಕಡಿಮೆ, ಕೆಲಸದಲ್ಲಿ ಅವಸರವಿಲ್ಲ. ಆ ಅವಸರವಿಲ್ಲದ ಗುಣವೇ ಮುಳುವಾಯಿತು. ಮೊದಲ ಸಲದ ಕೊನೆಯ ಪರೀಕ್ಷೆಯಲ್ಲಿ ನಿಧಾನವಾಯಿತೆಂದು ಎರಡು ಅಂಕಕ್ಕೆ ಬಿದ್ದಳು. ಎರಡನೆಯ ಅವಕಾಶವೇ ಕೊನೆಯದು. ಅದರಲ್ಲೂ ಬಿದ್ದರೆ ಗುರುತಿನ ಚೀಟಿ ವಾಪಸು ಕೊಟ್ಟು ಹೊರಡಬೇಕು, ಮತ್ತೆ ಈ ಕೆಲಸಕ್ಕೆ ಅರ್ಜಿ ಹಾಕುವ ಹಾಗಿಲ್ಲ. ನಿಯಮ ಹಾಗಿದೆ.

ಅದಕ್ಕೆ ಮನೆಯಲ್ಲಿ ಚಿಕ್ಕಮ್ಮನೂ ಮಗಳೂ ಊಟದ ಮೇಜಿನ ಮೇಲೆ ಕ್ಲಿಪ್ಪು ಹರಡಿಕೊಂಡು ಎರಡು ತಿಂಗಳು ಅಭ್ಯಾಸ ಮಾಡಿದರು. ಅಕ್ಕ ಬೆಳಿಗ್ಗೆ ಬಂದು ಸಂಭ್ರಮದಿಂದ ವರದಿ ಒಪ್ಪಿಸುತ್ತಿದ್ದರು. ಈಗ ಅವಳು ಚುರುಕಾಗಿದ್ದಾಳೆ, ಮಧ್ಯೆ ಮಧ್ಯೆ ನಾನು ಬೇಕಂತಲೇ ತಪ್ಪು ಹೇಳುತ್ತೇನೆ, ಹತ್ತಕ್ಕೆ ಹತ್ತೂ ಹಿಡಿಯುತ್ತಾಳೆ ಎನ್ನುತ್ತಿದ್ದರು. ಹಿಡಿಯದೆ ಏನು ಮಾಡುತ್ತಾಳೆ ಎಂದು ನಾನು ಮನಸ್ಸಿನಲ್ಲೇ ನಕ್ಕೆ. ಒಂದು ದಿನ ಮಾತಿನ ಮೇಲೆ ಮಾತು ಬಂದು ಅವಳ ಬಾಲ್ಯದ ಕಥೆ ಹೇಳಿದರು. ಕನ್ನಡಿ ಒಡೆದು 'ನಾನಲ್ಲ' ಅಂದಿದ್ದಳಂತೆ.

"ಅವಳು ಖ್ಹುಂ ಅಂತ ಗಂಟಲು ಸರಿಮಾಡ್ಕೊಂಡ್ಲು ಅಂದ್ರೆ ಹಿಂದೇನೇ ಸುಳ್ಳು ಬರುತ್ತೆ ಅಂತ ಲೆಕ್ಕ. ಈಗ್ಲೂ ಅಷ್ಟೇ. ಯಾರಿಂದ ಕಲಿತಳೋ ಏನೋ," ಎಂದರು ಅಕ್ಕ.

ನಾನು ನಗು ತಡೆಯಲಾರದೆ ನೀರು ಕುಡಿಯುವ ನೆಪ ಮಾಡಿ ಎದ್ದುಹೋದೆ.

ಪರೀಕ್ಷೆಯ ದಿನಾಂಕ ಗೊತ್ತಾದಾಗ ಅಕ್ಕ ಒಂದು ಅರ್ಜಿ ಬರೆದರು. ಹುಡುಗಿ ನನ್ನ ಅಕ್ಕನ ಮಗಳು, ಆ ದಿನ ನನ್ನನ್ನು ಕೂರಿಸಬೇಡಿ ಎಂದು. ದೊಡ್ಡ ಪರೀಕ್ಷಕರು ಅದನ್ನು ಓದಿ ಅಲ್ಲೇ ಮಡಚಿಟ್ಟರು. ಈ ಮನುಷ್ಯನಿಗೆ ಮಕ್ಕಳು ಇಟ್ಟ ಹೆಸರು ಅರ್ಧ ಅಂಕ, ಯಾಕೆಂದರೆ ಪೂರ್ತಿ ಅಂಕವೆಂಬುದನ್ನು ಅವರ ಪೆನ್ನು ಬರೆದೇ ಇರಲಿಲ್ಲ. ಕಾಗದದಲ್ಲಿದ್ದದ್ದನ್ನು ಓದುವುದಷ್ಟೇ ನಿಮ್ಮ ಕೆಲಸ, ಕಾಗದಕ್ಕೆ ನೆಂಟಸ್ತನ ಗೊತ್ತಿಲ್ಲ ಎಂದರಂತೆ. ಅಕ್ಕನ ಜಾಗದಲ್ಲಿ ನಾನು ಕೂರುತ್ತೇನೆಂದು ಕೇಳಿಕೊಂಡೆ. ಹಿಂದಿನ ಪರೀಕ್ಷೆಯಲ್ಲಿ ನಾನು ಒಂದು ವಿಮಾನವನ್ನು 'ಎರಡನೇ ಪ್ಲಾಟ್‌ಫಾರಂಗೆ ಬರಲಿದೆ' ಎಂಬ ರಾಗದಲ್ಲಿ ಇಳಿಸಿದ್ದನ್ನು ಅವರು ಮರೆತಿರಲಿಲ್ಲ. ನನಗೆ ಫೋನಿನ ಕೆಲಸ ಕೊಟ್ಟರು, ಅಂದರೆ ಪಕ್ಕದ ಊರಿನ ನಿಯಂತ್ರಣ ಕೇಂದ್ರದವನಂತೆ ಆಗಾಗ ಕರೆ ಮಾಡುವುದು.

ಆ ವಾರ ಅಕ್ಕನಿಗೆ ಸಣ್ಣಗೆ ನೆಗಡಿ. ಧ್ವನಿ ಒಡೆದರೆ ಹುಡುಗಿಗೆ ಸರಿಯಾಗಿ ಕೇಳಿಸದೆ ಹೋದೀತು ಎಂದು ಒದ್ದಾಡಿದರು. ಔಷಧಿ ಹೇಳಿಕೊಟ್ಟವನು ನಾನೇ. ಮೈಕಿನವರ ಮನೆಮದ್ದು ಅದು: ಮೂರು ದಿನ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವುದು, ಬಿಸಿನೀರು ಬಿಟ್ಟು ಬೇರೇನೂ ಕುಡಿಯದಿರುವುದು, ಮನೆಯಲ್ಲಿ ಮೌನ. ಅಕ್ಕ ಚಾಚೂ ತಪ್ಪದೆ ಪಾಲಿಸಿದರು. ಹುಡುಗಿಯೊಂದಿಗೂ ಚೀಟಿಯಲ್ಲಿ ಬರೆದೇ ಮಾತಾಡಿದರಂತೆ.

ಪರೀಕ್ಷೆಯ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮಿಬ್ಬರ ಮೊಬೈಲು ಕಿತ್ತುಕೊಂಡು, ಮೊಹರು ಮಾಡಿದ ಲಕೋಟೆ ಕೊಟ್ಟು, ಕೋಣೆಗೆ ಹೊರಗಿನಿಂದ ಬೀಗ ಹಾಕಿದರು. ಒಂದು ಗಂಟೆ ಕಾಲ ಕಾಗದ ಓದಿಕೊಳ್ಳಬೇಕು. ಕಾರ್ಪೆಟ್ಟಿನ ವಾಸನೆ, ಏಸಿಯ ಗುಂಯ್ ಸದ್ದು, ಗೋಡೆಯ ಮೇಲೆ ಸೆಕೆಂಡು ತೋರಿಸುವ ದೊಡ್ಡ ಗಡಿಯಾರ. ಅಕ್ಕ ಬೆರಳಿಟ್ಟು ಓದುತ್ತಾ ಹೋಗಿ ಮೂರನೆಯ ಪುಟದಲ್ಲಿ ನಿಂತರು. ಅಲ್ಲಿತ್ತು ಸುಳ್ಳು. ನಾಲ್ಕು-ಏಳು ಎಂಬ ವಿಮಾನ ಹನ್ನೆರಡು ಸಾವಿರ ಅಡಿಯಲ್ಲಿ ಬರುತ್ತದೆ. ಒಂಬತ್ತಕ್ಕೆ ಇಳಿಯಲು ಹೇಳಿದರೆ ಎಂಟು ಎಂದು ಒಪ್ಪಿಸಬೇಕು. ಎಂಟು ಸಾವಿರದಲ್ಲಿ ಎರಡು-ಆರು ಎಂಬ ಇನ್ನೊಂದು ವಿಮಾನ ಅಡ್ಡ ಹಾಯುತ್ತಿರುತ್ತದೆ.

ಅಕ್ಕ ಆ ಸಾಲನ್ನು ಮೆಲ್ಲಗೆ ಹೇಳಿಕೊಳ್ಳತೊಡಗಿದರು. ಒಂದು ಸಲ, ಎರಡು ಸಲ, ಹತ್ತು ಸಲ. ಮೊದಲ ಎರಡು ಸಲ 'ಖ್ಹುಂ' ಬಂತು. ಆಮೇಲೆ ಬರಲಿಲ್ಲ.

ಎಷ್ಟು ಸಲ ಹೇಳ್ಕೊಳ್ತೀರಿ ಎಂದು ಕೇಳಿದೆ.

"ನಾನು ನಡುಗಿದ್ರೆ ಅವಳಿಗೆ ಸುಳಿವು ಕೊಟ್ಟ ಹಾಗಾಗುತ್ತೆ. ಅದು ಮೋಸ," ಎಂದರು ಅಕ್ಕ. "ತಡವರಿಸಿದ್ರೆ ಅವಳಿಗೆ ಗಲಿಬಿಲಿಯಾಗುತ್ತೆ. ಅದೂ ಮೋಸವೇ. ನಿಜ ಹೇಳೋ ಥರಾನೇ ಹೇಳ್ಬೇಕು. ಈಗ ನೋಡಿ, ಸುಳ್ಳು ಅಂತ ಅನ್ನಿಸೋದೇ ಇಲ್ಲ." ಎಂದವರೇ ಇನ್ನೊಮ್ಮೆ ಹೇಳಿ ತೋರಿಸಿದರು. ಗಂಟೆ ಬಾರಿಸಿದಂತಿತ್ತು ಧ್ವನಿ. ಉಪ್ಪುನೀರು ತನ್ನ ಕೆಲಸ ಮಾಡಿತ್ತು.

ಆಗ ನನಗೆ ಹೊಳೆಯಿತು. ಹುಡುಗಿ ಎರಡು ತಿಂಗಳಿಂದ ಹಿಡಿದದ್ದು ಅಕ್ಕನ ಮಾತನ್ನಲ್ಲ, ಗಂಟಲನ್ನು. ಇವತ್ತು ಆ ಗಂಟಲು ಮಾತಾಡುವುದಿಲ್ಲ. ಅದನ್ನು ಮುಚ್ಚಿಸಿದವನು ನಾನು.

ಹೇಳಿಬಿಡಲೇ ಎಂದುಕೊಂಡೆ. ಏನೆಂದು ಹೇಳಲಿ? ಅಕ್ಕ, ದಯವಿಟ್ಟು ಕೆಮ್ಮಿ ಎಂದೇ? ಯಾಕೆ ಎಂದು ಕೇಳದೆ ಬಿಡುವ ಹೆಂಗಸಲ್ಲ. ಕಾರಣ ಹೇಳಿದೆನೆಂದರೆ ಅವರು ಎದ್ದುನಿಂತು ಬಾಗಿಲು ಬಡಿದು ಅರ್ಧ ಅಂಕದವರನ್ನು ಕರೆಸಿ, ನನ್ನ ಗಂಟಲಿನಿಂದ ಇಷ್ಟು ವರ್ಷದ ಮಕ್ಕಳೆಲ್ಲ ಪಾಸಾಗಿದ್ದಾರಂತೆ, ಎಲ್ಲರದ್ದೂ ಮತ್ತೆ ನೋಡಿ ಎಂದುಬಿಡುತ್ತಿದ್ದರು. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಹುಡುಗಿಗೆ ಹೇಳೋಣವೆಂದರೆ ಬಾಗಿಲಿಗೆ ಬೀಗ. ಅತ್ತ ದರಿ, ಇತ್ತ ಪುಲಿ ಎಂಬುದನ್ನು ನಾನು ಮಾತಿಗೆ ಬಳಸಿದ್ದೆನೇ ಹೊರತು ಅನುಭವಿಸಿದ್ದು ಆ ದಿನವೇ. ಗಡಿಯಾರದಲ್ಲಿ ಹತ್ತೂವರೆ ಆಯಿತು.

ಪರೀಕ್ಷೆ ಶುರುವಾಯಿತು. ನಮ್ಮ ಕೋಣೆಯಲ್ಲೂ ಅದೇ ರೇಡಾರ್ ಚಿತ್ರ ಕಾಣುತ್ತದೆ, ಹುಡುಗಿ ಮಾತ್ರ ಕಾಣುವುದಿಲ್ಲ, ಧ್ವನಿಯಷ್ಟೇ ಹೆಡ್‌ಫೋನಿನಲ್ಲಿ. ಎಷ್ಟು ಚೆನ್ನಾಗಿ ಮಾಡಿದಳು ಆ ಮಗು. ಮೊದಲ ಇಪ್ಪತ್ತು ನಿಮಿಷ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಹಿಂದಿನ ಸಲ ನಿಧಾನವಾದ ಜಾಗದಲ್ಲಿ ಈ ಸಲ ಆರು ವಿಮಾನಗಳನ್ನು ಮಣಿ ಪೋಣಿಸಿದಂತೆ ಸಾಲಾಗಿ ಇಳಿಸಿದಳು. ಅಕ್ಕನ ಮುಖ ಅರಳಿತ್ತು. ಒಬ್ಬ ಪೈಲಟ್ಟಿಗೆ ದಪ್ಪ ಧ್ವನಿ, ಇನ್ನೊಬ್ಬನಿಗೆ ಅವಸರದ ಧ್ವನಿ, ಮತ್ತೊಬ್ಬನಿಗೆ ನಿದ್ದೆಗಣ್ಣಿನ ಧ್ವನಿ ಕೊಡುತ್ತಾ ಅವರು ಒಪ್ಪಿಸುತ್ತಾ ಹೋದರು. ಪಕ್ಕದ ಊರಿನವನಾಗಿ ನಾನು ಎರಡು ಸಲ ಫೋನು ಮಾಡಿದೆ. ಎರಡು ಸಲವೂ ಹುಡುಗಿ ಗೌರವದಿಂದ, ಚುಟುಕಾಗಿ ಉತ್ತರಿಸಿದಳು.

ಆಮೇಲೆ ನಾಲ್ಕು-ಏಳು ಪರದೆಯ ಮೇಲಿನ ಮೂಲೆಯಿಂದ ಒಳಗೆ ಬಂತು.

"ನಾಲ್ಕು-ಏಳು, ಒಂಬತ್ತು ಸಾವಿರ ಅಡಿಗೆ ಇಳಿಯಿರಿ," ಎಂದಳು ಹುಡುಗಿ.

ಅಕ್ಕನ ಪಾದ ಪೆಡಲ್ ಒತ್ತಿತು. ನನಗೆ ತೋಚಿದ್ದು ಒಂದೇ. ಅಕ್ಕನ ಮೈಕು ತೆರೆದಿದೆ, ನಾನು ಪಕ್ಕದಲ್ಲಿದ್ದೇನೆ, ಅವರ ಪರವಾಗಿ ನಾನು ಕೆಮ್ಮಿದರೆ? ಹಿಂದೆಮುಂದೆ ನೋಡದೆ ಕೆಮ್ಮಿದೆ.

ಅಕ್ಕ ಪಾದ ಎತ್ತಿಬಿಟ್ಟರು.

ಸದ್ದಾದರೆ ಎತ್ತುವ ಪಾದ, ಇಪ್ಪತ್ತೆರಡು ವರ್ಷದ ಅಭ್ಯಾಸ. ನನ್ನ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಪಾಪ, ಇವರಿಗೂ ನೆಗಡಿ ಅಂಟಿತು ಎಂಬ ಕನಿಕರವಿತ್ತು. ನನ್ನ ಕೆಮ್ಮು ಪೂರ್ತಿ ಅಡಗುವ ತನಕ ಕಾದು, ಮತ್ತೆ ಪೆಡಲ್ ಒತ್ತಿ, ತಿಳಿನೀರಿನಂಥ ಧ್ವನಿಯಲ್ಲಿ ಹೇಳಿದರು: "ಎಂಟು ಸಾವಿರ ಅಡಿಗೆ ಇಳಿಯುತ್ತಿದ್ದೇವೆ, ನಾಲ್ಕು-ಏಳು."

ನಾನು ಕಣ್ಣು ಮುಚ್ಚಿಕೊಂಡೆ. ಹುಡುಗಿಯ ಧ್ವನಿ ಬರಲಿ, ಇಲ್ಲ ಒಂಬತ್ತು ಅನ್ನಲಿ ಎಂದು ಕಾದೆ. ಹೆಡ್‌ಫೋನಿನಲ್ಲಿ ಬಂದದ್ದು ಬೇರೆ ವಿಮಾನಕ್ಕೆ ಹೇಳಿದ ಮಾತು. ಅವಳು ಮುಂದಕ್ಕೆ ಹೋಗಿಬಿಟ್ಟಿದ್ದಳು.

ಅಕ್ಕನಿಗೂ ತಿಳಿಯಿತು. ಬೆರಳುಗಳು ಕೀಲಿಮಣೆಯ ಮೇಲೆ ನಿಂತುಕೊಂಡವು. ಅಂಕಿ ಒತ್ತಲೇಬೇಕು, ಕಾಗದದಲ್ಲಿ ಹಾಗಿದೆ. ಎಂಟು ಒತ್ತಿದರು, ಮೂರು ಸೊನ್ನೆ ಒತ್ತಿದರು. ಚುಕ್ಕೆಯ ಪಕ್ಕದ ಅಂಕಿ ಇಳಿಯತೊಡಗಿತು. ಹನ್ನೊಂದೂವರೆ, ಹನ್ನೊಂದು, ಹತ್ತೂವರೆ. ಇತ್ತ ಎರಡು-ಆರು ಏನೂ ಅರಿಯದೆ ಅಡ್ಡ ಬರುತ್ತಿತ್ತು. ಎರಡೂ ವಿಮಾನದ ಪೈಲಟ್ಟು ಅಕ್ಕನೇ. ಪೈಲಟ್ಟು ತಾನಾಗಿ ಮಾತಾಡುವಂತಿಲ್ಲ, ಕೇಳಿದರೆ ಮಾತ್ರ ಉತ್ತರ ಎಂಬುದು ಪರೀಕ್ಷೆಯ ಕಟ್ಟಳೆ. ಬಾಯಿ ಇದ್ದೂ ಇಲ್ಲದವರಂತೆ ಅವರು ಪರದೆ ನೋಡುತ್ತಾ ಕೂತರು. ತುಟಿ ಮಾತ್ರ ಆಡುತ್ತಿತ್ತು: ನೋಡೇ, ನೋಡೇ, ಈ ಕಡೆ ನೋಡೇ. ಪಾದ ಪೆಡಲಿನಿಂದ ಒಂದು ಗೇಣು ಮೇಲೆ ಹಾಗೇ ನಿಂತಿತ್ತು.

ಹುಡುಗಿ ನೋಡಿದಳು. ಅಂಕಿ ಒಂಬತ್ತು ಸಾವಿರದಲ್ಲಿ ನಿಲ್ಲದೆ ಕೆಳಗೆ ಜಾರಿದಾಗ ನೋಡಿದಳು. ತಡಬಡಿಸದೆ ಒಂದನ್ನು ಮೇಲಕ್ಕೆ ಹತ್ತಿಸಿ ಇನ್ನೊಂದನ್ನು ಎಡಕ್ಕೆ ತಿರುಗಿಸಿದಳು. ಅಷ್ಟು ಅಂದವಾಗಿ ಬಿಡಿಸಿದ್ದನ್ನು ನಾನು ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ. ಆದರೆ ಅಷ್ಟರಲ್ಲಿ ಎರಡೂ ಚುಕ್ಕೆಗಳು ಕೆಂಪಾಗಿ ಮಿನುಗಿಬಿಟ್ಟಿದ್ದವು. ಇರಬೇಕಾದಷ್ಟು ಅಂತರ ಇಲ್ಲದೆ ಹತ್ತೊಂಬತ್ತು ಸೆಕೆಂಡು ಕಳೆದಿತ್ತು. ಅಂತರ ಒಮ್ಮೆ ತಪ್ಪಿದರೆ ಉಳಿದ ಅಂಕಗಳನ್ನು ಎಣಿಸುವುದೇ ಇಲ್ಲ. ಅರ್ಧ ಅಂಕದವರಿಗೂ ಅಲ್ಲಿ ಕೊಡಲು ಅರ್ಧ ಇರಲಿಲ್ಲ.

ಪರೀಕ್ಷೆ ಮುಗಿಯಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಹುಡುಗಿಗೆ ಗೊತ್ತು, ಅಕ್ಕನಿಗೆ ಗೊತ್ತು, ನನಗೆ ಗೊತ್ತು. ಆದರೂ ಇಬ್ಬರೂ ಕೊನೆಯ ವಿಮಾನದವರೆಗೆ ಒಬ್ಬರಿಗೊಬ್ಬರು ಹೇಳುತ್ತಾ ಒಪ್ಪಿಸುತ್ತಾ ಹೋದರು. ಅಕ್ಕನ ಕಣ್ಣಿಂದ ನೀರು ಇಳಿದು ಮೈಕಿನ ಸ್ಪಂಜಿನ ಮೇಲೆ ಬೀಳುತ್ತಿತ್ತು. ಧ್ವನಿಯಲ್ಲಿ ಮಾತ್ರ ಒಂದು ಎಳೆಯೂ ಕೆಡಲಿಲ್ಲ. ಕೊನೆಯ ವಿಮಾನ ಇಳಿದಾಗ ಹುಡುಗಿ ನಿಯಮದಂತೆ ಧನ್ಯವಾದ ಹೇಳಿದಳು, ಅಕ್ಕ ನಿಯಮದಂತೆ ಶುಭದಿನ ಹೇಳಿದರು.

ಬೀಗ ತೆಗೆದಾಗ ಹನ್ನೊಂದೂವರೆ ದಾಟಿತ್ತು. ಅರ್ಧ ಅಂಕದವರು ಹೊರಗೆ ನಿಂತಿದ್ದರು. ತಪ್ಪನ್ನು ಇಷ್ಟು ಸ್ಪಷ್ಟವಾಗಿ ಓದಿದ್ದು ಇದೇ ಮೊದಲು, ನೆಂಟಸ್ತನ ಅಡ್ಡ ಬರಲಿಲ್ಲ ಎಂದು ಅಕ್ಕನನ್ನು ಹೊಗಳಿದರು. ಅವರ ಮಟ್ಟಿಗೆ ಅದು ಪೂರ್ತಿ ಅಂಕ. ಅಕ್ಕ ತಲೆಯಾಡಿಸಿ ಮುಂದೆ ನಡೆದರು. ನಾನು ಹಿಂದೆ.

ಹುಡುಗಿ ಕಾರಿಡಾರಿನ ಕೊನೆಯಲ್ಲಿ ನೀರಿನ ಯಂತ್ರದ ಪಕ್ಕ ಕಾಗದದ ಲೋಟ ಹಿಡಿದು ನಿಂತಿದ್ದಳು. ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ, ಆಗಲೇ ಕೊಟ್ಟುಬಂದಿದ್ದಳು. ಅತ್ತಿರಲಿಲ್ಲ. ಚಿಕ್ಕಮ್ಮನನ್ನು ಕಂಡೊಡನೆ ಕೇಳಿದ್ದು ಒಂದೇ ಮಾತು.

"ಚಿಕ್ಕಮ್ಮ, ನಿಮ್ಮ ಗಂಟಲಿಗೆ ಏನಾಯ್ತು?"

"ಏನೂ ಆಗಿಲ್ಲ ಕಣೇ, ಚೆನ್ನಾಗಿದೆ," ಎಂದರು ಅಕ್ಕ. "ನಿನಗೆ ಸರಿಯಾಗಿ ಕೇಳಿಸ್ಲಿ ಅಂತ ಮೂರು ದಿನ ಉಪ್ಪುನೀರು ಮುಕ್ಕಳಿಸಿದ್ನಲ್ಲ. ಕೇಳಿಸ್ಲಿಲ್ವಾ?"

ಹುಡುಗಿ ಲೋಟದೊಳಗೆ ನೋಡಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ, ನನಗೂ ಎಲ್ಲ ಗೊತ್ತಿದೆ ಎಂಬುದು ಅವಳಿಗೆ ತಿಳಿದುಹೋಯಿತು. ಹೇಳಬೇಡಿ ಎಂಬಂತೆ ಕಣ್ಣು ಸಣ್ಣಗೆ ಅಲ್ಲಾಡಿತು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿದಳು.

"ಖ್ಹುಂ," ಎಂದಳು. "ಕೇಳಿಸ್ತು ಚಿಕ್ಕಮ್ಮ. ನಾನೇ ಆಗ ಬೇರೆ ಕಡೆ ನೋಡ್ತಿದ್ದೆ. ಅಷ್ಟೇ."

ಅಕ್ಕ ಅವಳ ಮುಖವನ್ನೇ ನೋಡಿದರು. ಕನ್ನಡಿ ಒಡೆದ ಆರು ವರ್ಷದ ಮಗುವನ್ನು ನೋಡಿದ ಹಾಗೆ ನೋಡಿದರು. ಅವಳ ತಲೆ ಸವರಿದರು, ಕೈಯಿಂದ ಲೋಟ ತೆಗೆದುಕೊಂಡು ಬುಟ್ಟಿಗೆ ಹಾಕಿದರು, ಹೊರಗೆ ಹೋಗಿ ಗೇಟಿನ ಹತ್ತಿರ ನಿಂತಿರು, ಚೀಲ ತರ್ತೀನಿ ಎಂದು ಕಳಿಸಿದರು. ಅವಳು ಬಾಗಿಲು ದಾಟಿದ ಮೇಲೆ ನನ್ನ ಕಡೆ ತಿರುಗಿದರು. ಆ ಮೂರು ದಿನದ ತಿಳಿಧ್ವನಿ ಆಗಲೇ ಒಡೆದಿತ್ತು.

"ಸುಳ್ಳು ಹೇಳ್ತಿದಾಳೆ. ಏನನ್ನೋ ಮುಚ್ಚಿಡ್ತಿದಾಳೆ. ನನ್ನಿಂದ ಏನಾದ್ರೂ ತಪ್ಪಾಯ್ತಾ? ನೀವು ಪಕ್ಕದಲ್ಲೇ ಇದ್ರಲ್ಲ, ನಿಮಗೇನಾದ್ರೂ ಗೊತ್ತಾ?"

"ಇಲ್ಲಕ್ಕ," ಎಂದೆ. "ನಿಮ್ಮಿಂದ ಏನೂ ತಪ್ಪಾಗಿಲ್ಲ. ನನಗೇನೂ ಗೊತ್ತಿಲ್ಲ."

ಅವರು ನನ್ನ ಬಾಯನ್ನೇ ನೋಡುತ್ತಾ ಒಂದು ಕ್ಷಣ ಕಾದರು. ಆಮೇಲೆ ನಂಬಿದರು. ನನ್ನ ಗಂಟಲು ಒಮ್ಮೆಯೂ ಅಡ್ಡ ಬಂದಿರಲಿಲ್ಲ.